ಫೋನ್ ತಂತಿಯ ಮೇಲೊಂದು ಟಪಾಲು ಚೀಲ: ಫೈಡೋನೆಟ್ ಸಂದೇಶದ ಜಾಡು ಹಿಡಿಯುವುದು ಹೇಗೆ

ಬುಲೆಟಿನ್ ಬೋರ್ಡ್‌ಗಳನ್ನು, ಅಂದರೆ ಜನ ಫೋನ್ ಮೂಲಕ ಸೇರಿ ಸಂದೇಶ ಓದಿ ಬರೆಯುವ ಕಂಪ್ಯೂಟರುಗಳನ್ನು, ಬೆಸೆದ ಫೈಡೋನೆಟ್ ಎಂಬ ಜಾಲಕ್ಕೆ ತನ್ನದೇ ಆದ ತಂತಿ ಇರಲಿಲ್ಲ. ಸಂದೇಶವೆಂದರೆ ಡಿಸ್ಕಿನಲ್ಲಿ ಬಿದ್ದಿರುವ ಒಂದು ಫೈಲು. ರಾತ್ರಿ ಗೊತ್ತಾದ ಹೊತ್ತಿಗೆ ಒಂದು ಕಂಪ್ಯೂಟರು ಇನ್ನೊಂದಕ್ಕೆ ಮಾಮೂಲಿ ಫೋನು ಮಾಡಿ, ಆ ಫೈಲು ದಾಟಿಸಿ, ಕರೆ ಮುಗಿಸುತ್ತಿತ್ತು. 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟಾಮ್ ಜೆನ್ನಿಂಗ್ಸ್ ಮತ್ತು ಬಾಲ್ಟಿಮೋರ್‌ನ ಜಾನ್ ಮ್ಯಾಡಿಲ್ ತಮ್ಮ ಎರಡು ಬುಲೆಟಿನ್ ಬೋರ್ಡ್‌ಗಳ ನಡುವೆ ಹೀಗೆ ಟಪಾಲು ಸಾಗಿಸಲು ಶುರುಮಾಡಿದರು. ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಜಾಲದ ಪಟ್ಟಿಯಲ್ಲಿ 30,000ಕ್ಕೂ ಹೆಚ್ಚು ನೋಡ್‌ಗಳು, ಅಂದರೆ ಸದಸ್ಯ ಬೋರ್ಡುಗಳು, ಇದ್ದವು.

ಅಮೆರಿಕದಲ್ಲಿ ಊರೊಳಗಿನ ಕರೆಗೆ ಸಾಮಾನ್ಯವಾಗಿ ಬೇರೆ ದುಡ್ಡು ಕೊಡಬೇಕಿರಲಿಲ್ಲ. ಪರ ಊರಿನ ಕರೆಗೆ ನಿಮಿಷಕ್ಕಿಷ್ಟು, ರಾತ್ರಿ ಅಗ್ಗ. ಹನ್ನೊಂದು ಗಂಟೆ ಹೊಡೆಯಲಿ ಎಂದು ಎಸ್‌ಟಿಡಿ ಬೂತಿನ ಮುಂದೆ ಕಾದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ. ಈ ಜಾಲದಲ್ಲಿ ವಿಚಿತ್ರವಾಗಿ ಕಾಣುವ ಯಾವ ಏರ್ಪಾಡನ್ನು ಕೆದಕಿದರೂ ಅಡಿಯಲ್ಲಿ ಫೋನ್ ಬಿಲ್ಲು ಸಿಗುತ್ತದೆ. ಅದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಹಂತಗಳನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.

ಕೆಳಗಿನದನ್ನು ಓದಿ ಬಿಡಬಹುದು, ಮನೆಯ ಒಂದೇ ಕಂಪ್ಯೂಟರಿನಲ್ಲಿ ಮಾಡಿಯೂ ನೋಡಬಹುದು. ಮಾಡಿದವರಿಗೆ ಹೆಚ್ಚು ತಿಳಿಯುತ್ತದೆ.

ಮೊದಲು ಮೂರು ನೋಡ್ ಕಟ್ಟಿಕೊಳ್ಳಿ

ಬೇಕಾಗುವುದು ಇಷ್ಟು: ಹಳೆಯ ಡಾಸ್ ತಂತ್ರಾಂಶ ಓಡಿಸುವ ಡಾಸ್‌ಬಾಕ್ಸ್‌ನ ಮೂರು ಪ್ರತಿ, ಕರೆ ಮಾಡುವ ಮೇಲರ್ ಆಗಿ ಬಿಂಕ್ಲಿಟರ್ಮ್, ಪತ್ರ ವಿಂಗಡಿಸುವ ಟಾಸರ್ ಆಗಿ ಸ್ಕ್ವಿಶ್, ಬರೆಯಲು ಗೋಲ್ಡೆಡ್, ಮೋಡೆಮ್ಮಿಗೂ ಮೇಲರಿಗೂ ನಡುವೆ ನಿಲ್ಲುವ ಫಾಸಿಲ್ ಡ್ರೈವರ್ ಆಗಿ ಬಿಎನ್‌ಯು, ಜೊತೆಗೆ ಫೈಲು ಕುಗ್ಗಿಸಲು ಪಿಕೆಜಿಪ್‌ನಂಥ ಒಂದು ಆರ್ಕೈವರ್. ಫಾಸಿಲ್ ಇಲ್ಲದೆ ಬಿಂಕ್ಲಿಟರ್ಮ್ ಏಳುವುದೇ ಇಲ್ಲ. ಮೊದಲ ದಿನ ಎಲ್ಲರೂ ಎಡವುವುದು ಅಲ್ಲಿಯೇ.

ಡಾಸ್‌ಬಾಕ್ಸ್‌ನ ಸೆಟ್ಟಿಂಗ್ಸ್ ಫೈಲಿನ ಸೀರಿಯಲ್ ಭಾಗದಲ್ಲಿ ಮೊದಲ ಪೋರ್ಟನ್ನು ಮೋಡೆಮ್ ಎಂದು ಬದಲಿಸಿ, ಮೂರು ಪ್ರತಿಗಳಿಗೆ ಬೇರೆಬೇರೆ ಲಿಸನ್‌ಪೋರ್ಟ್ ಕೊಡಿ: 5001, 5002, 5003. ಏನೂ ಕೊಡದಿದ್ದರೆ ಮೂರೂ 23ನ್ನೇ ಹಿಡಿಯಲು ಹೋಗುತ್ತವೆ, ಒಂದಕ್ಕೆ ಮಾತ್ರ ಸಿಗುತ್ತದೆ. ಫೋನ್ ನಂಬರಿನ ಜಾಗಕ್ಕೆ ಐಪಿ ವಿಳಾಸವನ್ನು ಚುಕ್ಕಿಯಿಲ್ಲದೆ 12 ಅಂಕಿಗಳಲ್ಲಿ ಬರೆದು ಅದರ ಬೆನ್ನಿಗೆ ಪೋರ್ಟ್ ಅಂಟಿಸಬಹುದು. ಅಂದರೆ ಎರಡನೆಯ ನೋಡ್‌ನ ನಂಬರು 1270000000015002. ನಡುವೆ ಅಡ್ಡಗೆರೆ ಹಾಕಿದರೆ ಡಾಸ್‌ಬಾಕ್ಸ್ ಇದನ್ನು ಬರೀ ಅಂಕಿ ಎಂದು ಗುರುತಿಸುವುದಿಲ್ಲ, ಕರೆ ಹೋಗುವುದಿಲ್ಲ.

ವಿಳಾಸಗಳು: ನಡುವೆ ನಿಂತು ಟಪಾಲು ಹಂಚುವ ಹಬ್‌ಗೆ 99:100/1, ಉಳಿದ ಎರಡಕ್ಕೆ 99:100/20 ಮತ್ತು 99:100/30. ವಲಯ 1ರಿಂದ 6 ನಿಜವಾದ ಫೈಡೋನೆಟ್ಟಿನವು, ಮನೆಯಾಟಕ್ಕೆ ಅವನ್ನು ಮುಟ್ಟಬೇಡಿ.

ವಿಳಾಸ ಓದುವುದು

ಬಲದಿಂದ ಎಡಕ್ಕೆ ಓದಿದರೆ ಸುಲಭ. ಗೆರೆಯ ಬಲಕ್ಕಿರುವುದು ನೋಡ್, ಅಂದರೆ ಒಂದು ಬೋರ್ಡು. ಅದರ ಎಡಕ್ಕಿರುವುದು ನೆಟ್, ಹೆಚ್ಚಾಗಿ ಒಂದೇ ಲೋಕಲ್ ಕರೆಯ ವ್ಯಾಪ್ತಿಯಲ್ಲಿರುವ ನೋಡ್‌ಗಳ ಗುಂಪು. ಕೋಲನ್ನಿನ ಹಿಂದಿರುವುದು ವಲಯ. ಆ ಕಾಲದಲ್ಲಿ 1 ಉತ್ತರ ಅಮೆರಿಕ, 2 ಯುರೋಪು, 3 ಆಸ್ಟ್ರೇಲಿಯಾದ ಕಡೆ, 4 ಲ್ಯಾಟಿನ್ ಅಮೆರಿಕ, 5 ಆಫ್ರಿಕ, 6 ಏಷ್ಯ. ಕೊನೆಯಲ್ಲಿ ಚುಕ್ಕಿ ಇಟ್ಟು ಇನ್ನೊಂದು ಸಂಖ್ಯೆ ಇದ್ದರೆ ಅದು ಪಾಯಿಂಟ್. ಸ್ವಂತ ಬೋರ್ಡು ನಡೆಸದೆ, ಒಂದು ನೋಡ್‌ಗೆ ಫೋನ್ ಮಾಡಿ ತನ್ನ ಕಟ್ಟು ಎತ್ತಿಕೊಂಡು ಹೋಗುವ ಮನೆ ಬಳಕೆದಾರನದು.

ಶುರುವಿನಲ್ಲಿ ಇದ್ದದ್ದು ಬರೀ ನೋಡ್ ಸಂಖ್ಯೆ. ಮೂಲ ಫೈಡೋ ತಂತ್ರಾಂಶ 250 ನೋಡ್‌ಗಳಿಗೆ ಸುಸ್ತಾಗುತ್ತಿತ್ತು, ಸಾಲದ್ದಕ್ಕೆ ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ನೇರ ಕರೆ ಮಾಡಬೇಕಿತ್ತು. 1985ರ ಜೂನ್‌ನಲ್ಲಿ ನೆಟ್ ಬಂತು. ಅಲ್ಲಿಂದ ಒಂದು ಊರಿನ ಹತ್ತು ಬೋರ್ಡುಗಳಿಗೆ ಹೋಗುವ ಹತ್ತು ಪತ್ರಕ್ಕೆ ಹತ್ತು ಟ್ರಂಕ್ ಕರೆ ಬೇಕಾಗಲಿಲ್ಲ. ಆ ನೆಟ್‌ನ ಹೋಸ್ಟ್‌ಗೆ, ಅಂದರೆ ನೋಡ್ 0ಗೆ, ಒಂದು ಕರೆ ಸಾಕು. ಉಳಿದದ್ದನ್ನು ಹೋಸ್ಟ್ ಲೋಕಲ್ ಕರೆಯಲ್ಲಿ ಹಂಚುತ್ತಿತ್ತು.

ನೋಡ್‌ಲಿಸ್ಟ್: ಇಡೀ ಜಾಲದ ಫೋನ್ ಪುಸ್ತಕ

ಪ್ರತಿ ನೋಡ್‌ಗೆ ಒಂದು ಸಾಲು, ಕಾಮಾಗಳಿಂದ ಬೇರೆ ಮಾಡಿದ ಏಳು ಕಡ್ಡಾಯ ಅಂಕಣ: ಹುದ್ದೆ, ಸಂಖ್ಯೆ, ಬೋರ್ಡಿನ ಹೆಸರು, ಊರು, ಬೋರ್ಡು ನಡೆಸುವ ಸಿಸಾಪ್‌ನ ಹೆಸರು, ಫೋನು, ಗರಿಷ್ಠ ವೇಗ. ಆಮೇಲೆ ಬೋರ್ಡಿನ ಸೌಲಭ್ಯ ಸೂಚಿಸುವ ಫ್ಲ್ಯಾಗ್‌ಗಳು. ಹೆಸರಿನಲ್ಲಿ ಖಾಲಿ ಜಾಗ ಬಿಡುವಂತಿಲ್ಲ, ಅಲ್ಲಿ ಕೆಳಗೆರೆ ಹಾಕಬೇಕು. ಫ್ಲ್ಯಾಗ್‌ಗಳಲ್ಲಿ ಮುಖ್ಯವಾದದ್ದು ‘ಸಿಎಂ’: ಇಡೀ ದಿನ ಟಪಾಲು ತೆಗೆದುಕೊಳ್ಳುತ್ತದೆ ಎಂದರ್ಥ. ಅದಿಲ್ಲದ ನೋಡ್ ವಲಯದ ಟಪಾಲು ಗಂಟೆಯಲ್ಲಿ ಮಾತ್ರ ಸಿಗುವುದು ಖಾತ್ರಿ. ವಲಯ 1ಕ್ಕೆ ಅದು 0900ರಿಂದ 1000 ಯುಟಿಸಿ, ವಲಯ 2ಕ್ಕೆ 0230ರಿಂದ 0330, ವಲಯ 6ಕ್ಕೆ 2000ದಿಂದ 2100 ಇತ್ತು. ಕೊನೆಯದು ನಮ್ಮ ಗಡಿಯಾರದಲ್ಲಿ ರಾತ್ರಿ ಒಂದೂವರೆಯಿಂದ ಎರಡೂವರೆ. ಆ ಒಂದು ಗಂಟೆ ಬೋರ್ಡು ಮನುಷ್ಯರಿಗೆ ಬಂದ್.

ಪಟ್ಟಿ ವಾರಕ್ಕೊಮ್ಮೆ, ಶುಕ್ರವಾರದ ತಾರೀಕಿನಲ್ಲಿ ಹೊರಡುತ್ತಿತ್ತು. ಫೈಲಿನ ಎಕ್ಸ್‌ಟೆನ್ಶನ್ ಆ ದಿನ ವರ್ಷದ ಎಷ್ಟನೆಯ ದಿನ ಎಂಬುದು. ಇಡೀ ಪಟ್ಟಿ ಕಳಿಸಿದರೆ ಬಿಲ್ಲು ಏರುತ್ತದೆಂದು ಬದಲಾವಣೆಯಷ್ಟನ್ನು ನೋಡ್‌ಡಿಫ್ ಎಂಬ ಫೈಲಾಗಿ ಕಳಿಸುತ್ತಿದ್ದರು. ಅದರೊಳಗೆ ಮೂರೇ ಆಜ್ಞೆ: ಇಷ್ಟು ಸಾಲು ನಕಲು ಮಾಡು, ಇಷ್ಟು ಅಳಿಸು, ಇಷ್ಟು ಸೇರಿಸು. ಡಿಫ್‌ನ ಮೊದಲ ಸಾಲು ನಿಮ್ಮಲ್ಲಿರುವ ಹಳೆಯ ಪಟ್ಟಿಯ ಮೊದಲ ಸಾಲಿಗೆ ಅಕ್ಷರಕ್ಕಕ್ಷರ ಹೊಂದಬೇಕು. ಒಂದು ವಾರದ ಡಿಫ್ ತಪ್ಪಿದರೆ ಮುಂದಿನ ಯಾವುದೂ ಕೂಡುವುದಿಲ್ಲ. ತಪ್ಪಿದ್ದನ್ನು ಹುಡುಕಿ ತನ್ನಿ, ಇಲ್ಲವೇ ಪೂರ್ತಿ ಪಟ್ಟಿ ತರಿಸಿ. ಮೊದಲ ಸಾಲಿನ ಕೊನೆಯ ಸಂಖ್ಯೆ ಸಿಆರ್‌ಸಿ, ಅಂದರೆ ಫೈಲು ಕೆಟ್ಟಿಲ್ಲವೆಂದು ಪರೀಕ್ಷಿಸುವ ಸಂಖ್ಯೆ. ಪಟ್ಟಿಯನ್ನು ಎಡಿಟರಿನಲ್ಲಿ ತೆರೆದು ಕೈಯಿಂದ ಒಂದು ಕಾಮಾ ತಿದ್ದಿದರೂ ಅದು ಕೆಡುತ್ತದೆ. ಫೋನ್ ನಂಬರಿನ ಒಂದು ಅಂಕಿ ತಪ್ಪಿದ್ದರೆ ಇನ್ನೂ ಕೆಟ್ಟದ್ದು. ಯಾರದೋ ಮನೆಯ ಫೋನು ನಡುರಾತ್ರಿ ಮತ್ತೆ ಮತ್ತೆ ಹೊಡೆಯುತ್ತದೆ, ಎತ್ತಿದರೆ ಕಿವಿಗೆ ಕೀರಲು ಸದ್ದು.

ಮನೆಯ ಮೂರು ನೋಡ್‌ಗೆ ಮೂರು ಸಾಲಿನ ಪಟ್ಟಿ ಬರೆದು ನೋಡ್‌ಲಿಸ್ಟ್ ಕಂಪೈಲರಿಗೆ ಕೊಡಿ. ಮೇಲರ್ ಓದುವುದು ಮೂಲ ಪಟ್ಟಿಯನ್ನಲ್ಲ, ಕಂಪೈಲ್ ಆದ ಇಂಡೆಕ್ಸನ್ನು. ಪಟ್ಟಿ ಬದಲಿಸಿ ಕಂಪೈಲ್ ಮಾಡಲು ಮರೆತರೆ ಹಳೆಯ ನಂಬರಿಗೇ ಕರೆ ಹೋಗುತ್ತದೆ.

ಬರೆದ ಪತ್ರ ಎಲ್ಲಿ ಕೂರುತ್ತದೆ

ಒಬ್ಬರಿಂದ ಒಬ್ಬರಿಗೆ ಹೋಗುವುದು ನೆಟ್‌ಮೇಲ್, ಊರಿಗೆಲ್ಲ ಹರಡುವುದು ಎಕೋಮೇಲ್. ಎಕೋಮೇಲ್ 1986ರ ಹೊತ್ತಿಗೆ ಡಲ್ಲಾಸ್‌ನ ಜೆಫ್ ರಷ್ ಬರೆದ ತಂತ್ರಾಂಶದಿಂದ ಹುಟ್ಟಿದ್ದು. ಕೆಲವೇ ವರ್ಷಗಳಲ್ಲಿ ಜಾಲದ ಬಹುಪಾಲು ಸಾಗಣೆ ಅದೇ ಆಯಿತು.

ಗೋಲ್ಡೆಡ್‌ನಲ್ಲಿ 20ರಿಂದ 30ಕ್ಕೆ ಒಂದು ನೆಟ್‌ಮೇಲ್ ಬರೆಯಿರಿ. ಹಳೆಯ ‘ಎಂಎಸ್‌ಜಿ’ ಮಾದರಿಯಲ್ಲಿ ಉಳಿಸಿದರೆ ಒಂದು ಪತ್ರಕ್ಕೆ ಒಂದು ಫೈಲು: ಮೊದಲ 190 ಬೈಟ್ ತಲೆಬರಹ, ಆಮೇಲೆ ಪಠ್ಯ. ಹೆಸರುಗಳಿಗೆ 36 ಬೈಟ್, ವಿಷಯಕ್ಕೆ 72. ವಿಶೇಷವೆಂದರೆ ಸಾಗಣೆಯ ಮಾನದಂಡವಾದ ಎಫ್‌ಟಿಎಸ್-0001ರಲ್ಲಿ ಪ್ರತಿ ಸಂದೇಶದ ತಲೆಬರಹಕ್ಕೆ ನೆಟ್ ಮತ್ತು ನೋಡ್ ಎರಡೇ ಗೊತ್ತು. ವಲಯ, ಪಾಯಿಂಟ್ ಎರಡೂ ಆಮೇಲೆ ಬಂದವು. ಅವನ್ನು ಪಠ್ಯದೊಳಗೇ ತೂರಿಸಬೇಕಾಯಿತು. ಆಸ್ಕಿ 1 ಎಂಬ ಕಾಣದ ಅಕ್ಷರದಿಂದ ಶುರುವಾಗುವ ಸಾಲುಗಳಿಗೆ ಕ್ಲಜ್ ಎಂದು ಹೆಸರು. ‘ಇಂಟ್ಲ್’ ಸಾಲಿನಲ್ಲಿ ಹೋಗಬೇಕಾದ ವಿಳಾಸ ಮೊದಲು, ಹೊರಟ ವಿಳಾಸ ಆಮೇಲೆ. ‘ಎಫ್‌ಎಂಪಿಟಿ’, ‘ಟಿಒಪಿಟಿ’ ಸಾಲುಗಳಲ್ಲಿ ಪಾಯಿಂಟ್‌ಗಳು. ಇಂಟ್ಲ್ ಸಾಲು ಬಿದ್ದುಹೋದರೆ ಯುರೋಪಿಗೆ ಹೊರಟ ಪತ್ರ ನಿಮ್ಮದೇ ವಲಯದಲ್ಲಿ ಅದೇ ನೆಟ್, ಅದೇ ನೋಡ್ ಸಂಖ್ಯೆಯ ಅಪರಿಚಿತನ ಕೈಗೆ ಬೀಳುತ್ತದೆ.

ಕಟ್ಟು ಕಟ್ಟುವುದು

20ನೆಯ ನೋಡ್‌ನಲ್ಲಿ ಸ್ಕ್ವಿಶ್‌ಗೆ ‘ಔಟ್’ ಮತ್ತು ‘ಸ್ಕ್ವಾಷ್’ ಎಂಬ ಎರಡು ಆಜ್ಞೆ ಕೊಡಿ. ಔಟ್ ಹೊಸ ಎಕೋ ಸಂದೇಶಗಳನ್ನು ಹುಡುಕಿ ಪ್ಯಾಕೆಟ್ಟಿಗೆ ಹಾಕುತ್ತದೆ. ಸ್ಕ್ವಾಷ್ ನೆಟ್‌ಮೇಲ್ ತೆಗೆದುಕೊಂಡು ರೂಟ್ ಫೈಲು ನೋಡಿ, ಯಾವುದು ಯಾರ ಮೂಲಕ ಎಂದು ತೀರ್ಮಾನಿಸಿ ಕುಗ್ಗಿಸಿಡುತ್ತದೆ.

ಪ್ಯಾಕೆಟ್ಟಿನ ಮೊದಲ 58 ಬೈಟ್ ತಲೆಬರಹ: ಹೊರಟ ಮತ್ತು ಸೇರುವ ನೋಡ್, ನೆಟ್, ತಾರೀಕು, 8 ಅಕ್ಷರದ ಪಾಸ್‌ವರ್ಡ್. ಆಮೇಲೆ ಸಾಲಾಗಿ ಸಂದೇಶಗಳು. ಕೊನೆಯಲ್ಲಿ ಎರಡು ಸೊನ್ನೆ ಬೈಟ್. ಬೈಟ್‌ಗಳನ್ನು ಹದಿನಾರರ ಎಣಿಕೆಯಲ್ಲಿ (ಹೆಕ್ಸ್) ತೋರಿಸುವ ಎಡಿಟರಿನಲ್ಲಿ ತೆರೆದು ಕೊನೆ ನೋಡಿ. ಎರಡು ಸೊನ್ನೆ ಇಲ್ಲದಿದ್ದರೆ ಕರೆ ನಡುವೆ ಕಡಿದಿದೆ ಅಥವಾ ಡಿಸ್ಕ್ ತುಂಬಿದೆ. ತಿಂಗಳನ್ನು 0ಯಿಂದ 11ರವರೆಗೆ ಎಣಿಸುತ್ತಾರೆ, ಜನವರಿಗೆ 0. ಗಾಬರಿಯಾಗಬೇಡಿ.

ಈಗ ಔಟ್‌ಬೌಂಡ್ ಡೈರೆಕ್ಟರಿ ನೋಡಿ. ಬಿಂಕ್ಲಿ ಪದ್ಧತಿಯಲ್ಲಿ ಫೈಲಿನ ಹೆಸರೇ ವಿಳಾಸ: ನಾಲ್ಕು ಹೆಕ್ಸ್ ಅಂಕಿಯಲ್ಲಿ ನೆಟ್, ನಾಲ್ಕರಲ್ಲಿ ನೋಡ್. 100/20ಕ್ಕೆ ಹೋಗುವುದು 00640014, ಹಬ್‌ಗೆ ಹೋಗುವುದು 00640001. ಕುಗ್ಗಿಸದ ಪ್ಯಾಕೆಟ್ಟಿಗೆ ‘ಔಟ್’ ಎಂಬ ಎಕ್ಸ್‌ಟೆನ್ಶನ್. ಎಕ್ಸ್‌ಟೆನ್ಶನ್ನಿನ ಮೊದಲಕ್ಷರ ಸಿ ಆದರೆ ಕ್ರ್ಯಾಶ್, ಈಗಲೇ ಕರೆ ಮಾಡು. ಎಚ್ ಆದರೆ ಹೋಲ್ಡ್, ಅವರೇ ಕರೆ ಮಾಡುವವರೆಗೆ ಇಟ್ಟುಕೊ. ಹೋಲ್ಡ್ ಏಕೆಂದರೆ ಕರೆ ಮಾಡಿದವನೇ ದುಡ್ಡು ತೆರುವುದು. ದೊಡ್ಡ ಎಕೋ ಕಟ್ಟನ್ನು ಬೇಕಾದವನೇ ಬಂದು ಎತ್ತಿಕೊಂಡು ಹೋಗಲಿ ಎಂಬ ಹಬ್‌ನ ವ್ಯವಹಾರ ಬುದ್ಧಿ.

ಕುಗ್ಗಿಸಿದ ಕಟ್ಟುಗಳಿಗೆ ಬೇರೆ ಹೆಸರು. ಕಳಿಸುವವನ ನೆಟ್ ಮತ್ತು ನೋಡ್‌ನಿಂದ ಪಡೆಯುವವನದನ್ನು ಕಳೆದು ಹೆಕ್ಸ್‌ನಲ್ಲಿ ಬರೆಯುತ್ತಾರೆ. 20ರಿಂದ 1ಕ್ಕೆ ವ್ಯತ್ಯಾಸ 19, ಹಾಗಾಗಿ 00000013. ಎಕ್ಸ್‌ಟೆನ್ಶನ್ ವಾರದ ಹೆಸರಿನ ಎರಡು ಅಕ್ಷರ ಮತ್ತು ಒಂದು ಅಂಕಿ: ಸೋಮವಾರದ ಮೊದಲ ಕಟ್ಟು ‘ಎಂಒ0’, ಎರಡನೆಯದು ‘ಎಂಒ1’. ಈ ಕಟ್ಟು ಯಾರಿಗೆ ಎಂದು ಹೇಳುವುದು ‘ಎಫ್‌ಎಲ್‌ಒ’ ಎಂಬ ಚೀಟಿ. ಅದೊಂದು ಬರೀ ಪಠ್ಯ ಫೈಲು, ಸಾಲಿಗೊಂದು ಫೈಲಿನ ದಾರಿ. ಸಾಲಿನ ಮುಂದೆ ಟೋಪಿಯಂಥ ^ ಗುರುತಿದ್ದರೆ ಕಳಿಸಿದ ಮೇಲೆ ಅಳಿಸು, ಹ್ಯಾಶ್ ಇದ್ದರೆ ಸೊನ್ನೆ ಬೈಟಿಗೆ ಕತ್ತರಿಸಿ ಹೆಸರು ಉಳಿಸು. ಆ ಖಾಲಿ ಫೈಲುಗಳನ್ನು ಕಸವೆಂದು ಗುಡಿಸಬೇಡಿ. ಅವು ಇರುವುದರಿಂದಲೇ ಅದೇ ದಿನದ ಮುಂದಿನ ಕಟ್ಟಿಗೆ ಹೊಸ ಅಂಕಿ ಸಿಗುವುದು.

ಮನೆಯಾಟದಲ್ಲಿ ಕಾಡುವ ಒಂದು ತೊಡಕು: ನಿಮ್ಮ ಮುಖ್ಯ ವಲಯದ ಔಟ್‌ಬೌಂಡ್ ಡೈರೆಕ್ಟರಿಗೆ ಎಕ್ಸ್‌ಟೆನ್ಶನ್ ಇಲ್ಲ, ಬೇರೆ ವಲಯದ್ದಕ್ಕೆ ಮೂರಂಕಿಯ ಹೆಕ್ಸ್ ಎಕ್ಸ್‌ಟೆನ್ಶನ್. ಮೇಲರಿಗೆ ಮುಖ್ಯ ವಲಯ 99 ಎಂದೂ ಸ್ಕ್ವಿಶ್‌ಗೆ 1 ಎಂದೂ ಹೇಳಿದ್ದರೆ ಟಾಸರ್ 063 ಎಂಬ ಕೊನೆಯಿರುವ ಡೈರೆಕ್ಟರಿಗೆ ಹಾಕುತ್ತದೆ, ಮೇಲರ್ ಇನ್ನೆಲ್ಲೋ ಹುಡುಕುತ್ತದೆ. ದೋಷದ ಸಂದೇಶ ಬರುವುದಿಲ್ಲ, ಟಪಾಲು ಮಾತ್ರ ಕದಲುವುದಿಲ್ಲ. ಅದೇ ಲಕ್ಷಣಕ್ಕೆ ಇನ್ನೊಂದು ಕಾರಣ ‘ಬಿಎಸ್‌ವೈ’ ಫೈಲು. ಒಂದು ನೋಡ್‌ನ ಕಟ್ಟಿನ ಮೇಲೆ ಕೆಲಸ ನಡೆದಿದೆ ಎಂಬ ಬೀಗ ಅದು. ಕೆಲಸದ ನಡುವೆ ಕರೆಂಟು ಹೋದರೆ ಬೀಗ ಹಾಗೇ ಉಳಿಯುತ್ತದೆ. ಯಂತ್ರ ಏಳುವಾಗಲೇ ಬ್ಯಾಚ್ ಫೈಲಿನಲ್ಲಿ ಅವನ್ನು ಅಳಿಸುವ ಸಾಲು ಹಾಕಿಡಿ.

ಕರೆ

ಮೋಡೆಮ್‌ಗಳು ಕೈಕುಲುಕಿದ ಮೇಲೆ ಕರೆದವನು ಎಂಟರ್ ಒತ್ತಿದ ಹಾಗೆ ಒಂದೆರಡು ಅಕ್ಷರ ಕಳಿಸಿ ಆ ಕಡೆಯವರನ್ನು ಎಬ್ಬಿಸುತ್ತಾನೆ. ಆಮೇಲೆ ತನಗೆ ಬರುವ ಭಾಷೆಗಳನ್ನೆಲ್ಲ ಒಟ್ಟಿಗೆ ಕೂಗುತ್ತಾನೆ: ಹೊಸದಾದ ಎಮ್ಸಿ, ಅದಕ್ಕಿಂತ ಹಳೆಯ ಯೂಹೂ (241ನೆಯ ಬೈಟ್), ಎಲ್ಲಕ್ಕೂ ಹಳೆಯ ಟಿಸಿಂಕ್ (174ನೆಯ ಬೈಟ್). ಆ ಕಡೆಯ ಮೇಲರ್ ತನಗೆ ಗೊತ್ತಿರುವ ಅತಿ ಹೊಸದನ್ನು ಆರಿಸಿಕೊಳ್ಳುತ್ತದೆ. ಏನೂ ಕೇಳಿಸದಿದ್ದರೆ ಕರೆದದ್ದು ಮನುಷ್ಯನೆಂದು ತಿಳಿದು, ಎರಡು ಸಲ ಎಸ್ಕೇಪ್ ಒತ್ತಿ ಎಂದು ತೋರಿಸಿ ಬೋರ್ಡಿಗೆ ಬಿಟ್ಟುಕೊಡುತ್ತದೆ. ಬಿಟ್ಟುಕೊಡುವುದು ಎರರ್‌ಲೆವೆಲ್, ಅಂದರೆ ತಂತ್ರಾಂಶ ಮುಗಿಯುವಾಗ ಬಿಟ್ಟುಹೋಗುವ ಸಂಖ್ಯೆಯ ಮೂಲಕ. ಡಾಸ್‌ನಲ್ಲಿ ಎರರ್‌ಲೆವೆಲ್ ಪರೀಕ್ಷೆ ‘ಇಷ್ಟು ಅಥವಾ ಹೆಚ್ಚು’ ಎಂದು ಕೆಲಸ ಮಾಡುವುದರಿಂದ ಬ್ಯಾಚ್ ಫೈಲಿನಲ್ಲಿ ದೊಡ್ಡ ಸಂಖ್ಯೆ ಮೇಲೆ, ಸಣ್ಣದು ಕೆಳಗೆ ಇರಲಿ. ತಿರುಗಾಮುರುಗಾ ಬರೆದರೆ ಪ್ರತಿ ಕರೆಯೂ ಮೊದಲ ಸಾಲಿಗೇ ಬಲಿ.

ಎಮ್ಸಿಯಲ್ಲಿ ಎರಡೂ ಕಡೆಯವರು ತಮ್ಮ ಎಲ್ಲ ವಿಳಾಸ ಮತ್ತು ಪಾಸ್‌ವರ್ಡ್ ಹೇಳಿಕೊಳ್ಳುತ್ತಾರೆ. ಆಮೇಲೆ ಕರೆದವನ ಕಟ್ಟು ಮೊದಲು, ಕರೆ ತೆಗೆದುಕೊಂಡವನದು ನಂತರ. ಹಳೆಯ ಪದ್ಧತಿಯ ಎಕ್ಸ್‌ಮೋಡೆಮ್ 128 ಬೈಟ್ ಕಳಿಸಿ ‘ತಲುಪಿತು’ ಎಂಬ ಉತ್ತರಕ್ಕೆ ಕಾಯುತ್ತದೆ. ಖಂಡಾಂತರ ಕರೆಯಲ್ಲಿ ಆ ಕಾಯುವಿಕೆಯೇ ದುಡ್ಡು ತಿನ್ನುತ್ತದೆ. ಝೆಡ್‌ಮೋಡೆಮ್ ನಿಲ್ಲದೆ ಸುರಿಯುತ್ತದೆ, ಕರೆ ಕಡಿದರೆ ಮುಂದಿನ ಸಲ ಬಿಟ್ಟಲ್ಲಿಂದ ಶುರುಮಾಡುತ್ತದೆ. ಹೈಡ್ರಾ ಒಂದೇ ಹೊತ್ತಿನಲ್ಲಿ ಎರಡೂ ದಿಕ್ಕಿಗೆ ಕಳಿಸುತ್ತದೆ. ಎರಡೂ ದಿಕ್ಕಿಗೆ ಒಂದೇ ವೇಗದ ವಿ.32ಬಿಸ್ ಮೋಡೆಮ್‌ಗಳ ನಡುವೆ ಚೆನ್ನ. ಯುಎಸ್ ರೊಬೊಟಿಕ್ಸ್‌ನ ಎಚ್‌ಎಸ್‌ಟಿ ಮೋಡೆಮ್ ಒಂದು ದಿಕ್ಕಿಗೆ ವೇಗ, ಹಿಂದಿನ ದಿಕ್ಕಿಗೆ ಕೆಲವೇ ನೂರು ಬಿಟ್. ಅದರ ಮೇಲೆ ಹೈಡ್ರಾ ಓಡಿಸಿದರೆ ಲಾಭವಿಲ್ಲ.

ಲೆಕ್ಕ ಹಾಕುವಾಗ ಬೈಟಿಗೆ 10 ಬಿಟ್ ಹಿಡಿಯಿರಿ, ಶುರು ಮತ್ತು ಕೊನೆಯ ಬಿಟ್ ಸೇರಿ. 2400ರ ಮೋಡೆಮ್ ಸೆಕೆಂಡಿಗೆ 240 ಬೈಟ್: 100 ಕಿಲೋಬೈಟ್‌ಗೆ ಏಳು ನಿಮಿಷಕ್ಕೂ ಸ್ವಲ್ಪ ಹೆಚ್ಚು. 9600ರಲ್ಲಿ ಎರಡು ನಿಮಿಷದೊಳಗೆ. ಪಠ್ಯವನ್ನು ಆರ್ಕೈವ್ ಮಾಡಿದರೆ ಸುಮಾರು ಅರ್ಧವಾಗುತ್ತದೆ, ಬಿಲ್ಲೂ ಅರ್ಧ. ಈಗಾಗಲೇ ಕುಗ್ಗಿಸಿದ್ದನ್ನು ಮೋಡೆಮ್‌ನದೇ ಕುಗ್ಗಿಸುವ ವಿಧಾನವಾದ ವಿ.42ಬಿಸ್ ಮತ್ತೆ ಕುಗ್ಗಿಸಲಾರದು.

ನಿಜವಾದ ಹಳೆಯ ಯಂತ್ರದಲ್ಲಿ ಮಾಡುವವರು ಸೀರಿಯಲ್ ಚಿಪ್ ನೋಡಿಕೊಳ್ಳಿ. 8250, 16450ಗಳಿಗೆ ಒಂದೇ ಬೈಟಿನ ಕಟ್ಟೆ. 38400ರಲ್ಲಿ ಡಿಸ್ಕ್ ತಿರುಗುವಷ್ಟರಲ್ಲಿ ಬೈಟ್‌ಗಳು ಉಕ್ಕಿ ಚೆಲ್ಲುತ್ತವೆ, ಸಿಆರ್‌ಸಿ ದೋಷಗಳ ಸಾಲೇ ಬರುತ್ತದೆ. 16550ಎಯಲ್ಲಿ 16 ಬೈಟ್ ಹಿಡಿಯುತ್ತದೆ. ಹರಿವಿನ ಹತೋಟಿಗೆ ಆರ್‌ಟಿಎಸ್/ಸಿಟಿಎಸ್ ಇಡಿ. ಎಕ್ಸ್‌ಆನ್/ಎಕ್ಸ್‌ಆಫ್ ಇಟ್ಟರೆ ಆರ್ಕೈವ್‌ನೊಳಗೆ ಸಹಜವಾಗಿ ಬರುವ 17, 19ನೆಯ ಬೈಟ್‌ಗಳನ್ನು ಮೋಡೆಮ್ ಆಜ್ಞೆ ಎಂದು ನುಂಗುತ್ತದೆ.

ಹಬ್‌ನಲ್ಲಿ ಬಿಚ್ಚಿ ಹಂಚುವುದು

ಹಬ್‌ನಲ್ಲಿ ಸ್ಕ್ವಿಶ್‌ಗೆ ‘ಇನ್’ ಎನ್ನಿ. ಕಟ್ಟು ಬಿಚ್ಚಿ, ಪಾಸ್‌ವರ್ಡ್ ನೋಡಿ, ಪ್ರತಿ ಸಂದೇಶದ ಮೊದಲ ಸಾಲು ಓದುತ್ತದೆ. ‘ಏರಿಯಾ’ ಎಂದು ಶುರುವಾದರೆ ಎಕೋ, ಇಲ್ಲದಿದ್ದರೆ ನೆಟ್‌ಮೇಲ್. ಗೊತ್ತಿಲ್ಲದ ಏರಿಯಾ ಆದರೆ ‘ಕೆಟ್ಟ ಸಂದೇಶ’ಗಳ ಗುಂಪಿಗೆ. ಆ ಗುಂಪನ್ನು ದಿನಾ ಇಣುಕಿ. ಏರಿಯಾ ಹೆಸರಿನ ಒಂದಕ್ಷರ ತಪ್ಪಿದರೂ ಇಡೀ ಎಕೋ ಅಲ್ಲಿ ಸೇರಿಕೊಂಡಿರುತ್ತದೆ.

ಒಂದೇ ಎಕೋ ಸಂದೇಶ ಸಾವಿರಾರು ಬೋರ್ಡಿಗೆ ಹರಡುವಾಗ ಸುತ್ತು ಹೊಡೆಯದಂತೆ ಕಾಯುವುದು ಕೊನೆಯಲ್ಲಿರುವ ‘ಸೀನ್-ಬೈ’ ಸಾಲು. ಸಂದೇಶವನ್ನು ಈಗಾಗಲೇ ನೋಡಿದವರ, ಈಗ ಪಡೆಯಲಿರುವವರ ಪಟ್ಟಿ ಅದು. ಹಬ್ ಅದನ್ನು 30ಕ್ಕೆ ಕಳಿಸುವಾಗ ‘100/1 20 30’ ಎಂದು ಬರೆದಿರುತ್ತದೆ, ನೆಟ್ ಸಂಖ್ಯೆ ಒಂದೇ ಸಲ. ಪಟ್ಟಿಯಲ್ಲಿರುವವರಿಗೆ ಮತ್ತೆ ಕಳಿಸುವುದಿಲ್ಲ. ಮೂವರು ಪರಸ್ಪರ ಕೈಹಿಡಿದು ತ್ರಿಕೋನವಾದರೂ ತೊಂದರೆಯಿಲ್ಲ, ಮೊದಲನೆಯವನೇ ಇಬ್ಬರ ಹೆಸರನ್ನೂ ಬರೆದಿರುತ್ತಾನಲ್ಲ. ನಾಲ್ವರು ಚೌಕವಾದರೆ ನೋಡಿ: ಮೊದಲನೆಯವನು ಅಕ್ಕಪಕ್ಕದ ಇಬ್ಬರಿಗೆ ಕಳಿಸುತ್ತಾನೆ, ಅವರಿಬ್ಬರೂ ಒಬ್ಬರಿಗೊಬ್ಬರು ತಿಳಿಯದೆ ಎದುರಿನವನಿಗೆ ಕಳಿಸುತ್ತಾರೆ. ಅವನಿಗೆ ಎರಡು ಪ್ರತಿ. ಇದಕ್ಕೇ ಎಕೋ ಜಾಲವನ್ನು ಮರದ ಕೊಂಬೆಗಳ ಹಾಗೆ ಕಟ್ಟಬೇಕು, ಉಂಗುರದ ಹಾಗಲ್ಲ. ಸೀನ್-ಬೈನಲ್ಲಿ ವಲಯ ಇಲ್ಲದ್ದರಿಂದ ವಲಯದ ಹೆಬ್ಬಾಗಿಲಲ್ಲಿ ಅದನ್ನು ಅಳಿಸುತ್ತಾರೆ. ಎರಡು ವಲಯಗಳ ನಡುವೆ ಒಂದೇ ಎಕೋಗೆ ಎರಡು ಹೆಬ್ಬಾಗಿಲು ತೆರೆದರೆ ಪ್ರವಾಹ. ಆಗ ಉಳಿದ ರಕ್ಷಣೆ ಸಂದೇಶಕ್ಕೆ ಗುರುತು ಕೊಡುವ ‘ಎಂಎಸ್‌ಜಿಐಡಿ’ ಎಂಬ ಕ್ಲಜ್, ಅದನ್ನು ನೆನಪಿಟ್ಟುಕೊಳ್ಳುವ ಟಾಸರ್.

ಸಂದೇಶ ಬಂದ ದಾರಿ ಓದುವುದಕ್ಕೆ ಸೀನ್-ಬೈ ನೋಡಬೇಡಿ, ಅದು ಸಂಖ್ಯೆಯ ಕ್ರಮದಲ್ಲಿ ಜೋಡಿಸಿದ್ದು. ‘ಪಾಥ್’ ಕ್ಲಜ್ ಹಾದುಬಂದ ಕ್ರಮದಲ್ಲೇ ಇರುತ್ತದೆ: ‘100/20 1’ ಎಂದರೆ 20ರಲ್ಲಿ ಹೊರಟು 1ರಲ್ಲಿ ವಿಂಗಡಣೆಯಾಗಿ ನಿಮ್ಮಲ್ಲಿಗೆ ಬಂದಿದೆ. ನಕಲು ಬಂದಾಗ ಎರಡೂ ಪ್ರತಿಗಳ ಪಾಥ್ ಪಕ್ಕಪಕ್ಕ ಇಟ್ಟು, ಮೊದಲು ಬೇರೆಯಾಗುವ ಸಂಖ್ಯೆ ಹುಡುಕಿ. ಕವಲು ಒಡೆದದ್ದು ಅದರ ಹಿಂದಿನ ನೋಡ್‌ನಲ್ಲಿ. ಅಲ್ಲಿಂದ ಎರಡೂ ದಾರಿ ಎಲ್ಲಿ ಕೂಡುತ್ತವೋ ಆ ಎರಡು ಕೊಂಡಿಗಳಲ್ಲಿ ಒಂದನ್ನು ಕಡಿಯಬೇಕು.

ಕೊನೆಗೆ, ಪಠ್ಯದಲ್ಲಿ ಅಕ್ಷರ ಮಾಯವಾದರೆ ಕೇಬಲ್ ಬೈಯುವ ಮೊದಲು 141ನೆಯ ಬೈಟ್ ನೋಡಿ. ಎಫ್‌ಟಿಎಸ್-0001 ಅದನ್ನು ‘ಮೃದು ಸಾಲುಕಡಿತ’ ಎಂದು ಕರೆದು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎನ್ನುತ್ತದೆ. ರಷ್ಯನ್ನರ 866ನೆಯ ಕೋಡ್‌ಪೇಜಿನಲ್ಲಿ, ಅಂದರೆ ಅಕ್ಷರ ಸಂಕೇತಗಳ ಕೋಷ್ಟಕದಲ್ಲಿ, ಅದು ‘ನ’ ಉಚ್ಚಾರದ ದೊಡ್ಡಕ್ಷರ. ತಂತ್ರಾಂಶಗಳು ಅದನ್ನು ನುಂಗುತ್ತಿದ್ದವು, ಅವರು ಅದೇ ರೂಪದ ಲ್ಯಾಟಿನ್ ಎಚ್ ಒತ್ತಿ ಕೆಲಸ ಸಾಗಿಸುತ್ತಿದ್ದರು. ಭಾರತೀಯ ಭಾಷೆಗಳ ಇಸ್ಕಿ ಸಂಕೇತದ ಅಕ್ಷರಗಳು 161ರಿಂದ ಶುರುವಾಗುವುದರಿಂದ ಇಸ್ಕಿಯ ಕನ್ನಡ ಪಠ್ಯಕ್ಕೆ ಈ ಕತ್ತರಿ ತಾಗುವುದಿಲ್ಲ. ಓದುವವನ ಯಂತ್ರದಲ್ಲಿ ಭಾರತೀಯ ಲಿಪಿ ತೋರಿಸುವ, ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡಿನಂಥದ್ದು ಇಲ್ಲದಿದ್ದರೆ ತೆರೆಯ ಮೇಲೆ ಗೆರೆ, ಚೌಕಗಳೇ ಕಾಣುತ್ತವೆ.